ಬಾರದವಳನ್ನೇ ಆರಿಸಿದ ಸಭೆ

ಅಕ್ಕಾ,

ಇವತ್ತು ನನಗೆ ಉಪವಾಸ. ಕೊಟ್ಟಿಗೆ ಗುಡಿಸಿ, ಹಾಲು ಕರೆದು, ದೇವರಿಗೆ ಕೈಮುಗಿದು ನಮ್ಮ ಗೋತಳಿ ಸಂಘದ ಸಭೆಗೆ ಹೋದೆ. ಬಾರದವರ ತಲೆಗೆ ಕಾರ್ಯದರ್ಶಿ ಕೆಲಸ ಕಟ್ಟುವುದು ನಮ್ಮ ಪದ್ಧತಿಯಲ್ಲವೇ? ಆ ಹೆದರಿಕೆಗೆ ಈ ಸಲ ಎಲ್ಲರೂ ಬಂದಿದ್ದರು, ಕಾಲು ಮುರಿದುಕೊಂಡ ಗೌಳಿಯೂ. ಬಾರದವಳು ನೀನೊಬ್ಬಳೇ.

"ಅವರು ಹೋರಿ ವಿಷಯಕ್ಕೆ ಈಯಮ್ಮನ ಜೊತೆ ಜಗಳ ಆಡಿ ಸಂಘಕ್ಕೇ ರಾಜೀನಾಮೆ ಕೊಟ್ಟರಲ್ಲ?" ಎಂದ ಗೌಳಿ, ನನ್ನತ್ತ ಕೈ ತೋರಿಸಿ.

"ಅದನ್ನ ಒಪ್ಪೋಕೆ ಯಾವ ಸಭೆಗೆ ಸಾಕಷ್ಟು ಜನ ಬಂದಿದ್ರಯ್ಯ?" ಎಂದರು ಅಧ್ಯಕ್ಷರು.

"ಇವತ್ತು ಇದ್ದಾರಲ್ಲ, ಒಪ್ಪಿಬಿಡಿ."

"ಒಪ್ಪಿದರೆ ಕಾರ್ಯದರ್ಶಿ ನೀನೇ."

ನಿನ್ನ ಪರವಾಗಿ ಮೊದಲು ಮೇಲೆದ್ದದ್ದು ಅವನ ಕೈಯೇ. ನಾನಂತೂ ಎರಡೂ ಕೈ ಎತ್ತಿದೆ.

ಈ ಕಾಗದ ಕಳಿಸುವ ಧೈರ್ಯ ನನಗಿಲ್ಲ. ಅಧ್ಯಕ್ಷರೇ ನಿನಗೆ ಹೇಳಿಕಳಿಸುತ್ತಾರಂತೆ. ನಿನ್ನ ಉತ್ತರವನ್ನು ಯಾರಾದರೂ ನನಗೂ ತಂದು ಹೇಳಲಿ. ಬೈಗುಳವಾದರೂ ಸರಿ, ಒಂದು ಮಾತೂ ಬಿಡದೆ ಹೇಳಲಿ.