ಡಿಕ್ಕಿಯಲ್ಲಿದ್ದ ಹಾರ

ಚಿಕ್ಕಪ್ಪಾ,

ಚನ್ನಗಿರಿಯ ನಿನ್ನ ಮನೆಯ ಪಡಸಾಲೆಯಲ್ಲಿ ನನ್ನ ಮೊದಲ ಕಥೆಯನ್ನು ಸತ್ತ ಇಲಿಯಂತೆ ಎರಡು ಬೆರಳಲ್ಲಿ ಹಿಡಿದು ವಾಪಸ್ ಕೊಟ್ಟೆಯಲ್ಲ, ನೆನಪಿದೆಯಾ? “ಕೊಲೆ ಮಾಡಿದೋನು ಯಾರು ಅಂತ ಮೂರ್ನೇ ಪುಟಕ್ಕೇ ಹೇಳಿದ್ಯಲ್ಲೇ. ಇನ್ನೇನು ಉಳೀತು ಓದಾಕೆ? ಮುಚ್ಚಿಡಾಕೆ ಕಲಿ.” ನಾಲ್ಕಾರು ಪತ್ತೇದಾರಿ ಕಾದಂಬರಿ ಅಚ್ಚಾದ ಗತ್ತು ನಿನಗೆ. ನನಗೋ, ನಿನ್ನ ಬಾಯಲ್ಲಿ ಒಮ್ಮೆ ‘ಪರವಾಗಿಲ್ಲ’ ಅನ್ನಿಸಿಕೊಳ್ಳುವ ಆಸೆ.

ನೀನು ಮುಚ್ಚಿಡುತ್ತಿದ್ದುದಾದರೂ ಏನನ್ನು? ಅಧ್ಯಾಯದ ಕೊನೆಗೆ ಬಾಗಿಲು ಕಿರ್ರೆನ್ನುತ್ತಿತ್ತು, ನಾಯಕಿ ಕಿಟಾರನೆ ಕಿರುಚುತ್ತಿದ್ದಳು. ಪುಟ ತಿರುಗಿಸಿದರೆ ಬೆಕ್ಕು. ಒಂದೇ ಕಾದಂಬರಿಯಲ್ಲಿ ಮೂರು ಸಲ ಬೆಕ್ಕು! ಓದುವವರು ಅಷ್ಟು ಪೆದ್ದರಾ? ನಿನ್ನನ್ನು ನಂಬಿ ನಾನೂ ವರ್ಷಗಟ್ಟಲೆ ಅಂಥವೇ ಬೆಕ್ಕುಗಳನ್ನು ಸಾಕಿದೆ. ಪತ್ರಿಕೆಯವರು ಒಂದೊಂದನ್ನೂ ಹಿಂದಕ್ಕೆ ಕಳಿಸಿದರು.

ನೀನು ಹೋದ ದಿನ ಹೊನ್ನಾಳಿಗೆ ಫೋನ್ ಬಂದದ್ದು ನನ್ನ ಗಂಡನಿಗೆ. ನಮ್ಮ ಕಡೆ ತವರಿನ ಸಾವನ್ನು ಹೆಣ್ಣುಮಕ್ಕಳಿಗೆ ಮನೆ ಮುಟ್ಟುವವರೆಗೆ ಹೇಳುವುದಿಲ್ಲ, ನಿನಗೆ ಗೊತ್ತಿರುವುದೇ. “ಚಿಕ್ಕಪ್ಪಗೆ ಸ್ವಲ್ಪ ಹುಷಾರಿಲ್ಲಂತೆ, ನೋಡ್ಕೊಂಡು ಬರಾಣ ನಡಿ” ಅಂದರು. ಬಸವಾಪಟ್ಟಣದಲ್ಲಿ ನೀರು ತರುತ್ತೇನೆಂದು ಇಳಿದವರು ಪೇಪರಿನಲ್ಲಿ ಸುತ್ತಿದ್ದೇನನ್ನೋ ತಂದು ಕಾರಿನ ಡಿಕ್ಕಿಯಲ್ಲಿಟ್ಟರು. ಸೇವಂತಿಗೆ ಹಾರದ ತುದಿ ಹೊರಗೆ ಇಣುಕಿದ್ದು ನನಗೆ ಕಂಡಿತು.

“ಊಟ ಮಾಡ್ತಾರಂತಾ?” ಅಂದೆ.

“ಹ್ಞೂಂ, ಬೆಳಿಗ್ಗೆ ಗಂಜಿ ಕುಡುದ್ರಂತೆ.”

ನನಗೆ ಗೊತ್ತು. ನನಗೆ ಗೊತ್ತಾಗಿದೆ ಎಂದು ಅವರಿಗೂ ಗೊತ್ತು. ಆದರೂ ಗಂಜಿ ರಾಗಿಯದಾ ಅಕ್ಕಿಯದಾ ಅಂತ ಕೇಳಿದೆ. ಸೂಳೆಕೆರೆ ಏರಿಯ ಮೇಲೆ ಕುರಿಮಂದೆ ಅಡ್ಡ ಬಂತು. ಅವು ದಾಟಿ ಮುಗಿಯುವುದೇ ಬೇಡ ಅನ್ನಿಸಿತು, ದಾಟಿಬಿಟ್ಟರೆ ಮುಂದೆ ಚನ್ನಗಿರಿ, ಆಮೇಲೆ...

ಏನಾಗಿದೆ ಎಂದು ತಿಳಿದ ಮೇಲೂ ಎದೆ ಹೀಗೆ ಹೊಡೆದುಕೊಳ್ಳುತ್ತದಲ್ಲ, ನಿನ್ನ ಯಾವ ಪುಸ್ತಕಕ್ಕೆ ಹೊಡೆದುಕೊಂಡಿತ್ತು ಹೇಳು? ಮುಚ್ಚಿಡಬೇಕಂತೆ! ಇಷ್ಟು ಸಣ್ಣ ವಿಷಯ ನಿನ್ನ ಜನ್ಮದಲ್ಲಿ ನಿನಗೆ ಹೊಳೆಯಲಿಲ್ಲ. ಅದನ್ನು ಕಲಿಯಲು ನನಗೆ ನಿನ್ನ ಸಾವೇ ಬೇಕಾಯಿತು. ಅದಕ್ಕೇ ನಿನ್ನ ಮೇಲೆ ಇನ್ನೂ ಸಿಟ್ಟು.

ಆ ದಾರಿಯನ್ನೇ ಕಥೆ ಮಾಡಿದೆ. ನೀನು ಸತ್ತಿದ್ದೀಯ ಅಂತ ಶುರುವಿಗೇ ಹೇಳಿಬಿಟ್ಟಿದ್ದೇನೆ, ಬೇಕಾದರೆ ಹೊಟ್ಟೆ ಉರಿಸಿಕೋ. ಹೋದ ತಿಂಗಳು ಅಚ್ಚಾಯಿತು. ನಿನ್ನ ಒಂದು ಪುಸ್ತಕವನ್ನೂ ಪೂರ್ತಿ ಓದದ ಚಿಕ್ಕಮ್ಮ, ಕಣ್ಣು ಮಂಜಾಗಿದೆ ಅಂತ ನನ್ನಿಂದಲೇ ಓದಿಸಿದಳು. ನಿನ್ನ ಹೆಣದ ಪಕ್ಕ ಕೂತು ಅತ್ತವಳು ಅವಳು, ಅವಳಿಗೆ ಗೊತ್ತಿಲ್ಲದ್ದು ಅದರಲ್ಲಿ ಏನಿತ್ತು? ಕಾರು ನಿಮ್ಮ ಓಣಿಗೆ ತಿರುಗುವಲ್ಲಿ ಪುಟದ ಮೇಲೆ ಕೈ ಅಡ್ಡ ಇಟ್ಟಳು.

“ತಡಿಯೇ, ಸಾವಕಾಶ ಓದು. ಇನ್ನೊಂಚೂರು ಹೊತ್ತು ಇರ್ಲಿ ನಿಮ್ಮ ಚಿಕ್ಕಪ್ಪ.”