ಇಳಿಯಲೊಲ್ಲದ ಹೆಬ್ಬೆರಳು

ಕ್ರೇನಿನ ಕ್ಯಾಬಿನ್ನಿನಿಂದ,
ಬುಧವಾರ, ಹನ್ನೊಂದನೇ ತಾರೀಖು

ನಮ್ಮ ಮನೆಯ ಹೊಸ ಅಜ್ಜಿಗೆ,

ಹೇಗಿದ್ದೀಯ? ನಿನ್ನ ಮಂಡಿನೋವು ಹೇಗಿದೆ? ಮಗಳಿಗೆ ಸ್ವಲ್ಪವಾದರೂ ನಿದ್ದೆ ಸಿಗುತ್ತಿದೆಯೇ? ಮೊಮ್ಮಗಳು ಸಿಟ್ಟು ಬಂದಾಗ ಥೇಟ್ ನಿನ್ನಂತೆ ಮೂಗು ಅರಳಿಸುತ್ತಾಳಂತೆ, ಅಳಿಯ ಹೇಳಿದ. ಪಾಪ, ಅವನಿಗೂ ಅಭ್ಯಾಸವಾಗುತ್ತದೆ. ನನ್ನ ಗಂಡ ಫೋನ್ ಬಿಟ್ಟು ಕಾಗದ ಬರೆಯುತ್ತಿದ್ದಾನೆಂದರೆ ಏನೋ ಮುಚ್ಚಿಡುತ್ತಿದ್ದಾನೆ ಎಂದುಕೊಳ್ಳುತ್ತೀಯ. ಹೌದು. ನನ್ನ ದನಿ ಕೇಳಿದರೆ ನಿನಗೆ ಎಲ್ಲ ಗೊತ್ತಾಗಿಬಿಡುತ್ತದೆ, ಅದಕ್ಕೇ ಕಾಗದ.

ನೀನು ಬಾಣಂತನಕ್ಕೆಂದು ಮಗಳ ಮನೆಗೆ ಹೋದ ವಾರವೇ ಒಂದು ಬೆಳಿಗ್ಗೆ ಏಳುವಷ್ಟರಲ್ಲಿ ಬಲಗಾಲಿನ ಹೆಬ್ಬೆರಳು ಟೊಮೆಟೊ ಹಣ್ಣಿನಂತೆ ಊದಿತ್ತು. ಹೊದಿಕೆ ತಾಗಿದರೂ ಜೀವ ಹೋಗುವಂಥ ನೋವು. ಡಾಕ್ಟರಮ್ಮ ಮೊದಲು ಕೇಳಿದ್ದೇ ಕುಡಿಯುತ್ತೀರಾ ಎಂದು. ಹೆಂಡದ ವಾಸನೆಗೇ ಮೂಗು ಮುಚ್ಚುವವನಿಗೆ ಈ ಮಾತು ನೋಡು. ನಾನು ನಮ್ಮ ಕಸುಬಿನ ಗುಟ್ಟು ಹೇಳಿದೆ. ಒಂದಕ್ಕೆಂದು ಇಷ್ಟುದ್ದದ ಏಣಿ ಇಳಿದು ಹತ್ತಿದರೆ ಕೆಳಗಿನ ಕೆಲಸವೆಲ್ಲ ನಿಲ್ಲುತ್ತದೆ. ಅದಕ್ಕೇ ನಾವು ಮೇಲಿರುವಷ್ಟು ಹೊತ್ತು ನೀರು ಮುಟ್ಟುವುದಿಲ್ಲ. ಇಳಿದ ಮೇಲೆ ಬಾಯಾರಿ ಒಂದರ ಹಿಂದೊಂದು ಸಿಹಿ ತಂಪು ಪಾನೀಯದ ಬಾಟಲಿ ಖಾಲಿ ಮಾಡುತ್ತೇವೆ. ರಕ್ತ ಪರೀಕ್ಷೆಯಲ್ಲಿ ಯೂರಿಕ್ ಆಸಿಡ್ ಜಾಸ್ತಿ, ಸಕ್ಕರೆ ಜಾಸ್ತಿ, ಬಿಪಿಯೂ ಜಾಸ್ತಿ. ಇದಕ್ಕೆ ಗೌಟ್ ಎನ್ನುತ್ತಾರಂತೆ. "ಇದು ಬರೀ ಬೆರಳಿನ ಕಾಯಿಲೆ ಅಲ್ಲ. ಹೊಟ್ಟೆ ಬೊಜ್ಜು, ಸಕ್ಕರೆ, ಬಿಪಿ, ಈ ಗೌಟ್, ಎಲ್ಲಾ ಒಂದರ ಕೈ ಒಂದು ಹಿಡ್ಕೊಂಡೇ ಬರೋದು. ನೋವು ಹೋಯ್ತು ಅಂತ ಮಾತ್ರೆ ಬಿಡಬೇಡಿ, ಆ ಸಿಹಿ ಬಾಟಲಿ ಬಿಟ್ಟು ನೀರು ಕುಡೀರಿ" ಎಂದರು. ನೀನು ಮನೆಯೊಡೆಯನ ಲಕ್ಷಣ ಎಂದು ಸವರುತ್ತಿದ್ದೆಯಲ್ಲ, ಆ ಹೊಟ್ಟೆಯ ಬಗ್ಗೆಯೇ ಹೇಳಿದ್ದು. ಒಂದು ವಾರದಲ್ಲಿ ಊತ ಇಳಿಯಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂದು ಮಾತ್ರೆ ಬಿಟ್ಟೆ. ನೀರೂ ಕುಡಿಯಲಿಲ್ಲ.

ಇವತ್ತು ಹತ್ತುವಾಗಲೇ ಬೆರಳು ಚುರುಗುಟ್ಟುತ್ತಿತ್ತು. ಈಗ ಬೂಟು ಬಿಚ್ಚಿದ್ದೇನೆ, ಕಾಲು ಮತ್ತೆ ಅದರೊಳಗೆ ಹೋಗುತ್ತಿಲ್ಲ. ಗಾಳಿ ಜೋರಾಗಿ ಕೆಲಸ ನಿಂತಿದೆ. ಇಳಿದು ಬಾ ಎಂದು ಮೇಸ್ತ್ರಿ ರೇಡಿಯೋದಲ್ಲಿ ಕರೆಯುತ್ತಿದ್ದಾನೆ, ನಾನು ಏನೇನೋ ನೆಪ ಹೇಳುತ್ತಿದ್ದೇನೆ. ನಮ್ಮ ಬಚ್ಚಲುಮನೆಯಷ್ಟು ಜಾಗ, ಸುತ್ತಲೂ ಗಾಜು. ಇಡೀ ಊರು ಕಾಣುತ್ತದೆ, ಒಂದು ಹೆಜ್ಜೆ ಇಡಲಾಗುವುದಿಲ್ಲ. ಕಾಲು ಕೈಕೊಟ್ಟಿದೆ ಎಂದರೆ ಬಂದು ಇಳಿಸುತ್ತಾರೆ, ಆದರೆ ಮತ್ತೆ ಹತ್ತಲು ಬಿಡುವುದಿಲ್ಲ. ಮದುವೆಗೆ ಮುಂಚಿನಿಂದ ಇದೊಂದೇ ಕೆಲಸ ಮಾಡಿದವನು ನಾನು, ನೆಲದ ಮೇಲೆ ಏನು ಮಾಡಲಿ? ಹೇಳದಿದ್ದರೆ, ಗಾಳಿ ನಿಂತ ಮೇಲೆ ಕಾಂಕ್ರೀಟ್ ಚಪ್ಪಡಿ ಎತ್ತಬೇಕು. ಕೆಳಗೆ ಜನ ಓಡಾಡುತ್ತಿರುತ್ತಾರೆ. ನೋವಿಗೆ ಕೈ ಒಂದು ಸಲ ನಡುಗಿದರೂ ಸಾಕು. ಹೆದರಿಕೆಯಾಗುತ್ತಿದೆ ಕಣೇ.

ಮಗಳಿಗೆ, ಕೂಸಿಗೆ ನನ್ನ ಆಶೀರ್ವಾದ. ಅಳಿಯನಿಗೆ ಕೇಳಿದೆನೆಂದು ಹೇಳು.

ಇಂತಿ,
ಹೊರಗಿನವರ ಮುಂದೆ ಮಾತ್ರ ನೀನು 'ಯಜಮಾನರು' ಎನ್ನುವವನು

ತಾ.ಕ.: ಗಾಳಿ ನಿಂತಿತು. ಚಪ್ಪಡಿ ಎತ್ತು ಎಂದ ಮೇಸ್ತ್ರಿ. "ಎತ್ತಲ್ಲಪ್ಪಾ, ನನ್ನ ಕಾಲು ಹೋಗಿದೆ, ಬಂದು ಇಳಿಸ್ಕೊಳ್ಳಿ" ಎಂದುಬಿಟ್ಟೆ. ಹಗ್ಗ, ಸ್ಟ್ರೆಚರ್ ಹೊತ್ತು ಏಣಿ ಹತ್ತುತ್ತಿದ್ದಾರೆ, ಸದ್ದು ಕೇಳುತ್ತಿದೆ. ಕ್ರೇನಿನ ಕೀಲಿ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದೇನೆ. ಬಂದವರ ಕೈಗೆ ಇದನ್ನು ಹೇಗೆ ಕೊಡಲಿ?