ದೊರೆಯ ಎದೆಯಳತೆ

14 ಸೆಪ್ಟೆಂಬರ್ 1979
ಆಫೀಸು ಮುಗಿಸಿ ಮತ್ತೆ ಹೊಲಿಗೆ ಮಷಿನ್ ಮುಂದೆ. ಒಂದು ತೋಳು ಆಯಿತು. ಬಿ.ಎ. ಪಾಸಾಗಿ ಗುಮಾಸ್ತನಾದರೂ, ದರ್ಜಿಯ ಮಗ ಅನ್ನೋದನ್ನು ಬೆಟಗೇರಿ ಮರೆತಿಲ್ಲ. ರಾಜ್ಯೋತ್ಸವದ ನಾಟಕಕ್ಕೆ ಚಾಲುಕ್ಯ ದೊರೆಯ ನಿಲುವಂಗಿ—ಕೆಂಪು ಮಖಮಲ್ಲು. ಚಾಲುಕ್ಯರು ಮಖಮಲ್ಲು ತೊಟ್ಟಿದ್ದರೋ ಇಲ್ಲವೋ, ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂದಿರಲಿಲ್ಲ.
ದೊರೆ ನಮ್ಮ ಅಂದಾನಪ್ಪ. ನೇಕಾರ, ಬಾಲ್ಯದ ಗೆಳೆಯ, ಬಾಯಿಬಡುಕ. ಅಳತೆ ಅಪ್ಪನ ಪದ್ಧತಿಯಲ್ಲೇ—ಟೇಪಿಲ್ಲ. ಎದೆಗೆ ದಾರ ಸುತ್ತಿ, ತುದಿ ಮುಟ್ಟಿದಲ್ಲಿ ಗಂಟು.
ದೊರೆಗೆ ಜರಿ, ನನಗೆ ಕಿರಿಕಿರಿ. ಪ್ರಾಸದ ಚಟ ನನ್ನದು.

26 ಸೆಪ್ಟೆಂಬರ್
ಮೊದಲ ಫಿಟ್ಟಿಂಗ್. ಎದೆ ಸಡಿಲ. ಅದೇ ದಾರ ಮತ್ತೆ ಸುತ್ತಿದೆ. ಹೊಸ ಗಂಟು ಎರಡು ಬೆರಳು ಒಳಗೆ ಬಂತು.
"ಬಿ.ಎ. ಕಲಿತು ಗಂಟು ಹಾಕಾಕ ಮರತಿ ನೋಡಲೇ ಕುತುಬುದ್ದೀನ," ಅಂದ.
ನಕ್ಕೆ. ನನ್ನದೇ ತಪ್ಪಿರಬೇಕು. ಬಿಚ್ಚಿ ಹೊಲಿದೆ.

7 ಅಕ್ಟೋಬರ್, ಮಧ್ಯಾಹ್ನ
ಮೂರನೇ ಗಂಟು. ಮತ್ತೆ ಒಳಗೆ. ಎರಡು ಸಲ ಅದೇ ತಪ್ಪು ಮಾಡುವಷ್ಟು ದಡ್ಡನಲ್ಲ ನಾನು…
ಅಂಗಿ ಕಳೆಯುವಾಗ ಕಂಡಿತು. ಒಂದರ ಮೇಲೊಂದು ಮೂರು ಬನಿಯನ್. ಈ ಸೆಕೆಯಲ್ಲಿ.
"ಏನಲೇ ಇದು?"
"ದೊರಿ ಅಂದಮ್ಯಾಗ ಮೂರು ಸುತ್ತಿನ ಕೋಟಿ ಬ್ಯಾಡೇನು?"
ನಗಲು ಹೋಗಿ ಕೆಮ್ಮಿದ. ಕೈಗೆ ಸಿಕ್ಕ ನಿಲುವಂಗಿಯ ತೋಳನ್ನೇ ಬಾಯಿಗೊತ್ತಿಕೊಂಡ. ಬಹಳ ಹೊತ್ತು.

ಸಂಜೆ 6
ಮಖಮಲ್ಲು ಕೆಂಪು, ಏನೂ ಕಾಣದು. ಒಳಗಿನ ಅಸ್ತರು ಬಿಳಿ. ತೋಳಿನ ಅಂಚಿಗೆ ರಕ್ತದ ಕಲೆ. ಸೂಜಿ ಚುಚ್ಚಿತೇನೋ ಅಂತ ನನ್ನ ಹತ್ತೂ ಬೆರಳು ನೋಡಿಕೊಂಡೆ. ನೆಟ್ಟಗಿವೆ.

8 ಅಕ್ಟೋಬರ್
ಬರಿಮೈಗೆ ದಾರ ಸುತ್ತಿದೆ. ನಾಲ್ಕನೇ ಗಂಟು. ಹಾಕಲು ಮನಸ್ಸಿರಲಿಲ್ಲ, ಹಾಕಿದೆ.
ಅವನ ಅಣ್ಣ ಯಂಕಪ್ಪ ಕ್ಷಯ ಬಂದು ಹೀಗೇ ಕೆಮ್ಮಿ ಹೋದವ.
"ಹುಬ್ಬಳ್ಳಿ ದವಾಖಾನಿಗೆ ಹೋಗೂಣು ನಡಿ."
"ಗೊತ್ತಾತಂದ್ರ ಸ್ಟೇಜಿನ ಮ್ಯಾಲೆ ನನ್ನ ಜೋಡಿ ಯಾರು ನಿಂದರತಾರ? ನಾಟಕ ಮುಗೀಲಿ. ಗದಿಗೆವ್ವಗ ಹೇಳಿದಿ ಅಂದ್ರ ನಿನ್ನ ಮಾರಿ ನೋಡಂಗಿಲ್ಲ."
ಗದಿಗೆವ್ವ ಅವನ ಹೆಂಡತಿ. ಅಂಗಿಯೊಳಗೆ ಹತ್ತಿ ತುಂಬಿ ಹೊಲಿ ಅಂದ. ಆಯಿತು ಅಂದೆ. ಯಾಕೆ ಅಂದೆನೋ.

17 ಅಕ್ಟೋಬರ್
ತಾಲೀಮಿಗೆ ಗದಿಗೆವ್ವ ಬಂದಿದ್ದಳು. ಹತ್ತಿಯ ದೊರೆಯನ್ನು ನೋಡಿ ಮುಖ ಅರಳಿತು.
"ಮೈ ಹಿಡದಾರ ನೋಡ್ರಿ ಅಣ್ಣಾರ. ನಾ ಸುಮ್ಮನ ಅಂಜಿದ್ದೆ."
ಅವಳ ಅಂಜಿಕೆಯೆಲ್ಲ ನನಗೆ ಬಂತು. ಪ್ರಾಸ ಒಂದೂ ಹೊಳೆಯುತ್ತಿಲ್ಲ.

24 ಅಕ್ಟೋಬರ್
ತಾಲೀಮಿನಲ್ಲಿ ಅಂದಾನಪ್ಪ ಸಿಂಹಾಸನ ಹಿಡಿದು ಕುಸಿದ. "ಪಾರ್ಟಿನಾಗ ಐತಿ," ಅಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಪಾರ್ಟಿನಲ್ಲಿ ಇಲ್ಲ. ನಾಟಕ ನಾನು ಓದಿದ್ದೇನೆ.

25 ಅಕ್ಟೋಬರ್
ಬೆಳಿಗ್ಗೆ ಅವರ ಮನೆಗೆ ಹೋದೆ. ಗದಿಗೆವ್ವ ರಾಟಿ ಮುಂದೆ ಕೂತು ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಜೇಬಿಗೆ ಕೈ ಹಾಕಿದೆ. ದಾರ ಕೊಟ್ಟೆ.
"ಇದೇನ್ರಿ ಅಣ್ಣಾರ?"
"ನಿನ್ನ ಗಂಡನ ಎದಿ, ತಂಗಿ. ಈ ಗಂಟು ಸೆಪ್ಟೆಂಬರದ್ದು. ಇದು ಈ ತಿಂಗಳದ್ದು."
ರಾಟಿ ನಿಂತಿತು. ಹುಟ್ಟಿದಾಗಿನಿಂದ ನೂಲು ಹಿಡಿದ ಬೆರಳುಗಳು. ಒಂದೊಂದೇ ಗಂಟು ದಾಟಿ ನಾಲ್ಕನೆಯದರ ಮೇಲೆ ನಿಂತವು. ಎದ್ದು ಟ್ರಂಕಿನಿಂದ ಅವನ ಒಗೆದ ಧೋತರ ತೆಗೆದಳು.
ಹನ್ನೊಂದರ ಬಸ್ಸಿಗೆ ಗಂಡ ಹೆಂಡತಿ ಇಬ್ಬರೂ ಹುಬ್ಬಳ್ಳಿಗೆ. ಅಂದಾನಪ್ಪ ನನ್ನ ಮುಖ ನೋಡಲಿಲ್ಲ. ಹೇಳಿದ್ದನಲ್ಲ.

1 ನವೆಂಬರ್
ನಾಟಕ ನಿಂತಿತು. ಅಂಗಿ ಗೂಟಕ್ಕಿದೆ. ಬಾಗಿಲ ಗಾಳಿಗೆ ಎದೆ ಉಬ್ಬಿಸುತ್ತದೆ. ಆ ಕಡೆ ನೋಡುವುದಿಲ್ಲ. ಹುಬ್ಬಳ್ಳಿಯಿಂದ ಖಬರಿಲ್ಲ.

9 ಡಿಸೆಂಬರ್, ಸಂಜೆ 5
ಗದಿಗೆವ್ವ ಬಂದಿದ್ದಾಳೆ. ಒಬ್ಬಳೇ. ಅವನು ಇನ್ನೂ ದವಾಖಾನೆಯಲ್ಲೇ. ಒಂದು ಪೊಟ್ಟಣ ಕೈಗಿಟ್ಟಳು. "ಅವರಽ ಕೊಟ್ಟಾರ್ರಿ." ಅಷ್ಟೇ. ಹೊರಗೆ ನನ್ನ ಹೆಂಡತಿ ಗುಲಾಬಬಿ ಚಹಾ ಕೊಡುತ್ತಿದ್ದಾಳೆ. ನಾನು ಒಳಗೆ ಬಂದು ಬಿಚ್ಚಿದೆ.
ನನ್ನ ದಾರ. ಚೀಟಿ ಇಲ್ಲ. ಐದನೇ ಗಂಟು, ಸೊಟ್ಟಗೆ, ಅವನೇ ಹಾಕಿದ್ದು. ನಾಲ್ಕನೆಯದಕ್ಕಿಂತ ಒಂದು ಬೆರಳು ಹೊರಗೆ. ಹೊರಗೆ! ಮೂರು ಸಲ ಬೆರಳಿಟ್ಟು ನೋಡಿದೆ.
ಆದರೆ ಆ ಖದೀಮ ಬರಿಮೈಗೆ ಸುತ್ತಿದನೋ, ಬನಿಯನ್ ಮೇಲೋ… ಒಂದು ಬನಿಯನ್ನೋ, ಮೂರೋ—
ಗದಿಗೆವ್ವನ್ನ ಕೇಳಬೇಕು. ಏಳುತ್ತೇನೆ. ಚಹಾ ಮುಗಿಯಲಿ, ಆಮೇಲೆ ಕೇಳುತ್ತೇನೆ.